ನಾಯಿ ಹಿಡಿದು ನಡೆಯುವುದನ್ನು ಮನೆಯವರಿಗೆ ಕಲಿಸುವುದು ಹೇಗೆ? ಭಾನುವಾರದ ತರಗತಿಗೆ ಸಲಹೆ ಬೇಕು

ಪದವಿನಂಚು, ಬದಿಯಡ್ಕ
ಎಲ್ಲರಿಗೂ ನಮಸ್ಕಾರ. ನಮ್ಮ ವಾರ್ಡಿನಲ್ಲಿ ನಾಯಿ ಸಾಕುವ ಹತ್ತು-ಹನ್ನೆರಡು ಮನೆಯವರು ಸೇರಿ, ಭಾನುವಾರ ಬೆಳಗ್ಗೆ ಶಾಲೆಯ ಮೈದಾನದಲ್ಲಿ ನಾಯಿಯನ್ನು ನಡೆಸುವ ಕ್ರಮ ಕಲಿಯುವ ಅಂತ ಹೊರಟಿದ್ದಾರೆ. ಲ್ಯಾಬ್ರಡಾರ್ ನಾಲ್ಕು, ಜರ್ಮನ್ ಶೆಫರ್ಡ್ ಎರಡು, ಪಗ್ ಒಂದು, ಉಳಿದದ್ದು ಊರ ನಾಯಿಗಳು. ಈ ಊರ ನಾಯಿಗಳಲ್ಲಿ ಹೆಚ್ಚಿನವು ಹಗಲು ಕಟ್ಟಿ ಹಾಕಿ ರಾತ್ರಿ ತೋಟಕ್ಕೆ ಬಿಡುವಂಥವು. ಲೀಶ್ (ನಾಯಿಯನ್ನು ಹಿಡಿದು ನಡೆಸುವ ಪಟ್ಟಿ) ಹಾಕಿ ರಸ್ತೆಯಲ್ಲಿ ನಡೆದ ಅಭ್ಯಾಸವೇ ಇಲ್ಲ.

ಹೇಳಿಕೊಡುವ ಕೆಲಸ ನನಗೆ ಬಂದಿದೆ. ನಾಯಿಗೆ ಕಲಿಸುವ ವಿಷಯ ಬೇರೆ, ಇಲ್ಲಿ ಕಲಿಯಬೇಕಾದ್ದು ಹಿಡಿದವರು. ಎಲ್ಲರೂ ಮಾಡುವುದು ಒಂದೇ: ಚೈನನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತುವುದು, ಗೇಟು ದಾಟುವ ಮೊದಲೇ ಬಿಗಿ ಹಿಡಿಯುವುದು, ಎದುರಿಗೆ ಇನ್ನೊಂದು ನಾಯಿ ಕಂಡ ಕೂಡಲೇ ಗಿಡ್ಡಕ್ಕೆ ಎಳೆದು ಬೊಬ್ಬೆ ಹಾಕುವುದು. ಎರಡು ಗಂಟೆ ಸಮಯ ಉಂಟು. ಮೊದಲ ದಿನ ಯಾವುದರಿಂದ ಶುರು ಮಾಡುವುದು, ಏನೇನು ತರಲಿಕ್ಕೆ ಹೇಳುವುದು?

ಕುಂಬಳೆ ಕಡಲಕರೆ
ಮೊದಲ ದಿನ ನಾಯಿಗಳನ್ನು ಮನೆಯಲ್ಲೇ ಬಿಟ್ಟು ಬರಲಿಕ್ಕೆ ಹೇಳಿ. ಲೀಶ್ ಮಾತ್ರ ತರಲಿ. ನಾಯಿ ಪಕ್ಕದಲ್ಲಿದ್ದರೆ ಜನ ನಾಯಿಯನ್ನೇ ನೋಡ್ತಾರೆ, ತಮ್ಮ ಕೈ ಎಂತ ಮಾಡ್ತಾ ಉಂಟು ಅಂತ ಅವರಿಗೆ ಗೊತ್ತಾಗುದಿಲ್ಲ.

ಹಿಡಿತ ಹೀಗೆ. ಲೀಶಿನ ತುದಿಯ ಕುಣಿಕೆಯೊಳಗೆ ಬಲಗೈಯ ಹೆಬ್ಬೆರಳು ಹಾಕಿ, ಪಟ್ಟಿಯನ್ನು ಅಂಗೈಗೆ ಅಡ್ಡ ತಂದು ಮುಷ್ಟಿ ಮುಚ್ಚಬೇಕು. ಆ ಮುಷ್ಟಿ ಹೊಕ್ಕುಳಿನ ಹತ್ತಿರ ಮೈಗೆ ತಾಗಿಕೊಂಡಿರಬೇಕು, ಅಲ್ಲಿಂದ ಅಲ್ಲಾಡಬಾರದು. ಹೆಚ್ಚಾದ ಉದ್ದವನ್ನು ಸುತ್ತಬಾರದು, ಹಿಂದೆ ಮುಂದೆ ಮಡಚಿ ಅದೇ ಮುಷ್ಟಿಯೊಳಗೆ ಇಟ್ಟುಕೊಳ್ಳಬೇಕು. ಸುತ್ತಿದ್ದು ನಾಯಿ ಹಾರಿದಾಗ ಬೆರಳಿಗೆ ಬಿಗಿಯುತ್ತದೆ, ಮಡಚಿದ್ದು ಮುಷ್ಟಿ ಬಿಡಿಸಿದ ಕೂಡಲೇ ಜಾರಿ ಹೋಗುತ್ತದೆ. ಎಡಗೈ ಲೀಶಿನ ನಡುವಿನಲ್ಲಿ, ಹಗುರವಾಗಿ. ಅದರ ಕೆಲಸ ಉದ್ದ ಕೊಡುವುದು, ಉದ್ದ ತೆಗೆದುಕೊಳ್ಳುವುದು, ಅಷ್ಟೆ.

ನಾಯಿ ಎಡಬದಿಗೆ. ಎಡಗೈಯಿಂದ ನಾಯಿಯ ಕುತ್ತಿಗೆಯ ಬೆಲ್ಟಿನವರೆಗೆ ಲೀಶ್ ಕೆಳಗೆ ಬಾಗಿ ಮತ್ತೆ ಮೇಲೇರಬೇಕು. ಇದನ್ನು ಅಳೆಯಲಿಕ್ಕೆ ಸುಲಭದ ಗುರುತು ಉಂಟು: ಲೀಶನ್ನು ಬೆಲ್ಟಿಗೆ ಸಿಕ್ಕಿಸುವ ಹುಕ್ಕನ್ನು ನೋಡಿ. ಅದು ನಾಯಿಯ ಕುತ್ತಿಗೆಯಿಂದ ನೇರ ಕೆಳಮುಖವಾಗಿ ತೂಗುತ್ತಿದ್ದರೆ ಲೀಶ್ ಸಡಿಲ ಉಂಟು. ಹುಕ್ಕು ಅಡ್ಡವಾಗಿ ಏಳಲಿಕ್ಕೆ ಶುರುವಾಯಿತೆಂದರೆ ಬಿಗಿ ಶುರುವಾಯಿತು. ಕೈಗೆ ಎಳೆತ ಗೊತ್ತಾಗುವ ಎಷ್ಟೋ ಮೊದಲು ಹುಕ್ಕು ತೋರಿಸಿಕೊಡುತ್ತದೆ.

ಇಷ್ಟು ಯಾಕೆ ಹೇಳುದು ಅಂದ್ರೆ, ಎಳೆದ ದಿಕ್ಕಿಗೆ ವಿರುದ್ಧ ಮೈ ಕೊಡುವುದು ನಾಯಿಯ ಸ್ವಭಾವ. ಹಿಂದಕ್ಕೆ ಎಳೆದಷ್ಟೂ ಮುಂದಕ್ಕೆ ಒರಗುತ್ತದೆ. ಬಿಗಿ ಹಿಡಿದು ನಡೆಸುವವರು ದಿನಾ ಅದಕ್ಕೆ ಎಳೆಯುವ ಅಭ್ಯಾಸವನ್ನೇ ಮಾಡಿಸ್ತಾ ಇದ್ದಾರೆ.

ಪೆರ್ಲ ಪೇಟೆ
ನಾಯಿ ಇಲ್ಲದೆ ಎಂತ ಕ್ಲಾಸು ಮಾರಾಯ್ರೆ? ಎರಡನೇ ಭಾನುವಾರಕ್ಕೆ ಒಬ್ಬರೂ ಬರ್ಲಿಕ್ಕಿಲ್ಲ.

ಕುಂಬಳೆ ಕಡಲಕರೆ
ಬರ್ತಾರೆ, ಕೈಗೆ ಕೆಲಸ ಕೊಟ್ಟರೆ. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ನಾಯಿಯ ಜಾಗದಲ್ಲಿ, ಹುಕ್ಕನ್ನು ಎರಡೇ ಬೆರಳಿನಲ್ಲಿ ಹಿಡಿದು ಕಣ್ಣು ಮುಚ್ಚಿ ನಡೆಯಲಿ. ಇನ್ನೊಬ್ಬರು ನಡೆಸಲಿ, ನಿಲ್ಲಿಸಲಿ, ತಿರುಗಿಸಲಿ. ಹುಕ್ಕು ಬೆರಳಿನಿಂದ ಜಾರಿದರೆ ಹಿಡಿದವರು ಎಳೆದರು ಅಂತ ಲೆಕ್ಕ. ಐದು ನಿಮಿಷಕ್ಕೆ ಜಾಗ ಬದಲಿಸಿ. ಹೆಗಲು ಬಿಗಿದುಕೊಂಡು ನಡೆದರೆ ಅದು ಲೀಶಿನಲ್ಲಿ ಇಳಿದು ಆಚೆ ತುದಿಗೆ ಮುಟ್ಟುತ್ತದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬುದಿಲ್ಲ. ಕಣ್ಣು ಮುಚ್ಚಿ ಹುಕ್ಕು ಹಿಡಿದವರಿಗೆ ಹೇಳುವ ಅಗತ್ಯವೇ ಬೀಳುದಿಲ್ಲ.

ಆಮೇಲೆ ತಿನಿಸು ಕೊಡುವ ಅಭ್ಯಾಸ. ಎಡ ತೊಡೆಯ ಪಕ್ಕಕ್ಕೆ ಸ್ಟೂಲಿನ ಮೇಲೆ ಒಂದು ಲೋಟ ಇಡಿ. ಜೇಬಿನಿಂದ ಒಂದೊಂದೇ ಕಡಲೆ ತೆಗೆದು, ನೋಡದೆ, ಲೋಟಕ್ಕೆ ಹಾಕಬೇಕು. ನಿಮಿಷಕ್ಕೆ ಹದಿನೈದು. ಹೆಚ್ಚಿನವರ ಕೈ ಹೊಟ್ಟೆಯ ಮುಂದೆ ಹೋಗುತ್ತದೆ. ನಿಜವಾದ ನಾಯಿಯ ಜೊತೆ ಹಾಗೆ ಮಾಡಿದರೆ ಅದು ತಿನ್ನಲಿಕ್ಕೆ ನಿಮ್ಮ ಕಾಲಿನ ಎದುರಿಗೆ ಅಡ್ಡ ಬಂದು ನಿಮ್ಮನ್ನೇ ಮುಗ್ಗರಿಸಿ ಬೀಳಿಸುತ್ತದೆ.

ಅಡೂರು ಕಾಡಂಚು
ಹೆಬ್ಬೆರಳಿನ ಕುಣಿಕೆಗೆ ನನ್ನ ವಿರೋಧ ಉಂಟು. 30 ಕಿಲೋದ ಲ್ಯಾಬ್ ಒಮ್ಮೆಲೇ ಹಾರಿದರೆ ಹೆಬ್ಬೆರಳಿನ ಬುಡದ ಗಂಟು ಉಳುಕುತ್ತದೆ, ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದದ್ದೂ ಉಂಟು. ಕುಣಿಕೆಯೊಳಗೆ ಪೂರ್ತಿ ಕೈ ಕೆಳಗಿನಿಂದ ತೂರಿಸಿ ಪಟ್ಟಿಯನ್ನು ಹಿಡಿಯುವುದು ಗಟ್ಟಿ. ಲೀಶ್ ತಪ್ಪಿ ನಾಯಿ ಹೈವೇಗೆ ಓಡಿದರೆ ಯಾರು ಹೊಣೆ?

ನೀರ್ಚಾಲು ಹಿತ್ತಿಲು
ಮಣಿಕಟ್ಟಿಗೆ ಕುಣಿಕೆ ಹಾಕಿಕೊಂಡ ಅರುವತ್ತೈದು ವಯಸ್ಸಿನವರು ಬಿದ್ದರೆ ನಾಯಿ ಅವರನ್ನು ಎಳೆದುಕೊಂಡೇ ಹೋಗುತ್ತದೆ. ಸೊಂಟದ ಮೂಳೆ ಮುರಿದರೆ ಆ ವಯಸ್ಸಿನಲ್ಲಿ ಹಾಸಿಗೆ ಬಿಟ್ಟು ಏಳುವುದು ಸಣ್ಣ ವಿಷಯವಾ? ಬಿಡಲಿಕ್ಕೆ ಸಾಧ್ಯ ಇರುವ ಹಿಡಿತವೇ ಬೇಕು.

ಕುಂಬಳೆ ಕಡಲಕರೆ
ಇಬ್ಬರು ಹೇಳಿದ್ದೂ ಸರಿ ಉಂಟು. ಹೆಬ್ಬೆರಳು ಭಾರ ಹೊರಲಿಕ್ಕೆ ಅಲ್ಲ. ಭಾರ ಬೀಳಬೇಕಾದ್ದು ಅಂಗೈಗೆ ಅಡ್ಡ ಬಂದ ಪಟ್ಟಿಯ ಮೇಲೆ, ಅಂದರೆ ಮುಷ್ಟಿಯ ಮೇಲೆ. ಪಟ್ಟಿಯನ್ನು ಅಂಗೈಗೆ ಅಡ್ಡ ತರದೆ ಬರೀ ಕುಣಿಕೆಯನ್ನು ಹೆಬ್ಬೆರಳಿಗೆ ನೇತು ಹಾಕಿಕೊಂಡರೆ ಅಡೂರಿನವರು ಹೇಳಿದ ಹಾಗೇ ಆಗ್ತದೆ. ಕೈಯಲ್ಲಿ ಬಲ ಕಡಿಮೆ ಇದ್ದವರಿಗೆ ಲೀಶಿನ ತುದಿಯಿಂದ ಒಂದು ಅಡಿಗೆ ಒಂದು, ಎರಡು ಅಡಿಗೆ ಇನ್ನೊಂದು ಗಂಟು ಹಾಕಿ ಕೊಡಿ. ಗಂಟು ಮುಷ್ಟಿಯ ಹಿಂದೆ ತಡೆಯುತ್ತದೆ, ಜಾರುದಿಲ್ಲ.

ನಾಯಿ ಹಾರುವಾಗ ಕೈಯಿಂದ ತಡೆಯುವುದೇ ತಪ್ಪು. ಒಂದು ಕಾಲು ಹಿಂದೆ, ಮೊಣಕಾಲು ಸ್ವಲ್ಪ ಬಗ್ಗಿಸಿ, ಸೊಂಟ ಕೆಳಗೆ, ಎರಡೂ ಮೊಣಕೈ ಪಕ್ಕೆಲುಬಿಗೆ ಅಂಟಿಸಿ. ಕೈ ಚಾಚಿ ನಿಂತವರನ್ನು ಪಗ್ ಕೂಡ ಮುಂದೆ ಎಳೆಯುತ್ತದೆ. ಇದನ್ನೂ ಜೋಡಿಯಲ್ಲಿ ಮಾಡಿಸಿ: ನಾಯಿಯಾದವರು ಹೇಳದೆ ಕೇಳದೆ ಒಮ್ಮೆ ಎಳೆಯಲಿ.

ಉಪ್ಪಳ ಕೊಕ್ಕೆ
ಸಾಮಾನಿನ ವಿಷಯ ಯಾರೂ ಹೇಳಿಲ್ಲ, ನಾನು ಹೇಳ್ತೇನೆ.

ಲೀಶ್ ಆರು ಅಡಿ, ಅಂದರೆ 1.8 ಮೀಟರ್. ನಾಲ್ಕು ಅಡಿಯದ್ದರಲ್ಲಿ ಸಡಿಲ ಬಿಡಲಿಕ್ಕೆ ಉದ್ದವೇ ಇಲ್ಲ. ಲ್ಯಾಬ್, ಶೆಫರ್ಡಿಗೆ 20 ಮಿಲಿಮೀಟರ್ ಅಗಲ, ಪಗ್‌ಗೆ 12ರಿಂದ 15. ಕಬ್ಬಿಣದ ಚೈನು ಬೇಡ, ಅಂಗೈ ಸಿಪ್ಪೆ ಏಳುತ್ತದೆ, ಅದರ ಭಾರಕ್ಕೆ ಸಡಿಲವೂ ಬಿಗಿಯೂ ನಾಯಿಗೆ ಒಂದೇ ಅನಿಸುತ್ತದೆ. ಗುಂಡಿ ಒತ್ತಿದರೆ ಒಳಗೆ ಸುತ್ತಿಕೊಳ್ಳುವ ಲೀಶ್ ತಂದವರನ್ನು ವಾಪಸ್ ಕಳಿಸಿ. ಅದರೊಳಗೆ ಸ್ಪ್ರಿಂಗ್ ಇರುದರಿಂದ ಯಾವಾಗಲೂ ಸಣ್ಣ ಎಳೆತ ಇದ್ದೇ ಇರ್ತದೆ, ಎಳೆದರೆ ಉದ್ದ ಸಿಗುತ್ತದೆ ಅಂತ ನಾಯಿ ಕಲಿಯುತ್ತದೆ. ಮತ್ತೆ ಆ ಸಪೂರ ಹುರಿ ಕಾಲಿಗೆ ಸುತ್ತಿದರೆ ಚರ್ಮ ಕೊಯ್ಯುತ್ತದೆ.

ಈಗ ಹುಕ್ಕು. ನಮ್ಮ ಕಡಲ ಗಾಳಿಗೆ ಮೊದಲು ಹೋಗುವುದು ಅದೇ. ಪೇಟೆಯಲ್ಲಿ ಸಿಗುವ ಹೊಳೆಯುವ ಹುಕ್ಕುಗಳಲ್ಲಿ ಹೆಚ್ಚಿನವು ಸತುವಿನ ಮಿಶ್ರಲೋಹದ ಎರಕ, ಮೇಲೆ ನಿಕ್ಕಲ್ ಲೇಪ. ಹುಕ್ಕು ತಿರುಗುವ ಬುಡದಲ್ಲಿ ಬಿಳಿ ಹುಡಿ ಕಂಡರೆ ಒಳಗೆ ತಿನ್ನುತ್ತಾ ಉಂಟು ಅಂತ ಅರ್ಥ, ಒಂದು ದಿನ ಜರ್ಕಿಗೆ ಅಲ್ಲೇ ತುಂಡಾಗುತ್ತದೆ. ಹಿತ್ತಾಳೆ ಅಥವಾ ಸ್ಟೈನ್‌ಲೆಸ್ ಸ್ಟೀಲಿನದ್ದು ತೆಗೆದುಕೊಳ್ಳಿ. ಅಯಸ್ಕಾಂತದ ಪರೀಕ್ಷೆ ನಂಬಬೇಡಿ, ಹಿತ್ತಾಳೆಗೂ ಅಂಟುದಿಲ್ಲ, ಸತುವಿಗೂ ಅಂಟುದಿಲ್ಲ. ಕಾಣದ ಜಾಗದಲ್ಲಿ ಅರದಿಂದ ಸಣ್ಣ ಗೀರು ಹಾಕಿ: ಒಳಗೂ ಹಳದಿ ಇದ್ದರೆ ಹಿತ್ತಾಳೆ, ಬೂದು ಬಿಳಿ ಬಂದರೆ ಸತು. ಹುಕ್ಕಿನ ಪಿನ್ನು ಹಿಂದೆ ಎಳೆದು ಬಿಟ್ಟರೆ ಟಕ್ ಅಂತ ತಾನೇ ಮುಚ್ಚಬೇಕು. ಅರ್ಧದಲ್ಲಿ ನಿಂತರೆ ಒಳಗೆ ಮರಳು ಅಥವಾ ತುಕ್ಕು.

ಮುಳ್ಳೇರಿಯ ಗುಡ್ಡೆ
ಇಷ್ಟೆಲ್ಲ ಬೇಕಾ? ಚೋಕ್ ಚೈನ್ (ಎಳೆದರೆ ಕುತ್ತಿಗೆಗೆ ಬಿಗಿಯುವ ಸರಪಳಿ) ಹಾಕಿ ಎರಡು ಸಲ ಜರ್ಕ್ ಕೊಟ್ಟರೆ ಯಾವ ನಾಯಿಯೂ ಪಕ್ಕದಲ್ಲೇ ನಡೆಯುತ್ತದೆ. ಮೊದಲಿಂದಲೂ ತರಬೇತಿಯವರು ಮಾಡಿಕೊಂಡು ಬಂದದ್ದೇ ಅಲ್ವಾ.

ಹೊಸಂಗಡಿ ಕ್ಲಿನಿಕ್
ಅಣ್ಣ, ಇದಕ್ಕೆ ಒಪ್ಪಲಿಕ್ಕೆ ಆಗುದಿಲ್ಲ. ಕುತ್ತಿಗೆಯ ಪಟ್ಟಿಯಿಂದ ಎಳೆದಾಗ ಕಣ್ಣಿನ ಒಳಗಿನ ಒತ್ತಡ ಏರುತ್ತದೆ, ಎದೆಗೂ ಹೆಗಲಿಗೂ ಹಾಕುವ ಹಾರ್ನೆಸ್‌ನಿಂದ ಎಳೆದಾಗ ಹಾಗೆ ಏರುವುದಿಲ್ಲ ಅಂತ ಅಮೆರಿಕದ ಪಶುವೈದ್ಯರು ಅಳೆದು 2006ರಲ್ಲೇ ಪ್ರಕಟಿಸಿದ್ದಾರೆ. ಅದು ಸಾಧಾರಣ ಬೆಲ್ಟಿನ ಕಥೆ, ಚೋಕ್ ಚೈನಿನದ್ದಲ್ಲ. ಪಗ್‌ನಂಥ ಚಪ್ಪಟೆ ಮುಖದ ನಾಯಿಗೆ ಮೊದಲೇ ಉಸಿರಾಟ ಕಷ್ಟ, ಕಣ್ಣು ಹೊರಗೆ ಚಾಚಿಕೊಂಡಿರುತ್ತದೆ. ಅದರ ಕುತ್ತಿಗೆಗೆ ಲೀಶ್ ಸಿಕ್ಕಿಸಲೇಬಾರದು. ಸಣ್ಣ ಜಾತಿಗಳಲ್ಲಿ ಶ್ವಾಸನಾಳ ಕುಸಿಯುವ ರೋಗ ಇರುವವಕ್ಕೂ ಹಾಗೆಯೇ.

ಇನ್ನೊಂದು, ಜರ್ಕಿನ ಸಮಯ. ತಪ್ಪು ಮಾಡಿದ ಕ್ಷಣಕ್ಕೆ ಸರಿಯಾಗಿ ಕೊಟ್ಟು ಅದೇ ಕ್ಷಣ ಬಿಡಬೇಕು. ಮೊದಲ ಸಲ ಲೀಶ್ ಹಿಡಿದವರಿಗೆ ಅದು ಬರುವುದಿಲ್ಲ, ಅವರು ಎಳೆದು ಎಳೆದುಕೊಂಡೇ ಇರುತ್ತಾರೆ. ಎದುರಿಗೆ ಮಗು ಬರುವಾಗ ಜರ್ಕ್ ಬಿದ್ದರೆ ನಾಯಿ ನೋವನ್ನು ಮಗುವಿಗೆ ಜೋಡಿಸಿಕೊಳ್ಳುತ್ತದೆ. ಆಮೇಲೆ ಕಚ್ಚಿತು ಅಂತ ನಮ್ಮ ಹತ್ತಿರ ಬರುತ್ತಾರೆ.

ಮುಳ್ಳೇರಿಯ ಗುಡ್ಡೆ
ಪಗ್ ವಿಷಯ ಒಪ್ಪಿದೆ. ಶೆಫರ್ಡಿಗೆ ಹಾರ್ನೆಸ್ ಹಾಕಿದರೆ ಇನ್ನೂ ಜೋರು ಎಳೆಯುತ್ತದಲ್ಲ?

ಉಪ್ಪಳ ಕೊಕ್ಕೆ
ಬೆನ್ನ ಮೇಲೆ ಹುಕ್ಕು ಸಿಕ್ಕಿಸಿದರೆ ಹೌದು, ಮೈಯ ಪೂರ್ತಿ ಬಲ ಹಾಕಲಿಕ್ಕೆ ಅನುಕೂಲ. ಎದೆಯ ಮುಂದೆಯೂ ರಿಂಗ್ ಇರುವ ಹಾರ್ನೆಸ್ ತೆಗೆದುಕೊಳ್ಳಿ. ಅಲ್ಲಿ ಸಿಕ್ಕಿಸಿದರೆ ಎಳೆದಾಗ ಮೈ ಪಕ್ಕಕ್ಕೆ ತಿರುಗುತ್ತದೆ, ಎಳೆತದಿಂದ ಮುಂದೆ ಹೋಗಲಿಕ್ಕೆ ಆಗುದಿಲ್ಲ. ಎದೆಯ ಪಟ್ಟಿಗಳು ಎರಡು ಹೆಗಲಿನಿಂದ ಇಳಿದು ಎದೆಮೂಳೆಯ ಮೇಲೆ ಕೂಡಬೇಕು. ಹೆಗಲಿಗೆ ಅಡ್ಡ ಒಂದೇ ಪಟ್ಟಿ ಬರುವಂಥದ್ದು ಮುಂಗಾಲಿನ ನಡೆ ಕಟ್ಟುತ್ತದೆ. ಪಟ್ಟಿಯ ಅಡಿಗೆ ಎರಡು ಬೆರಳು ಹೋಗಬೇಕು, ಮೂರು ಹೋದರೆ ಸಡಿಲ.

ಊರ ನಾಯಿಗಳ ಬಗ್ಗೆ ಬೇರೆಯೇ ಎಚ್ಚರಿಕೆ. ಅವುಗಳ ತಲೆ ಕುತ್ತಿಗೆಯಷ್ಟೇ ಸಪೂರ. ಹೆದರಿ ಹಿಂದೆ ಸರಿದರೆ ಬೆಲ್ಟಿನಿಂದ ತಲೆ ಹೊರಗೆ ಬಂತೇ ಬಂತು. ಬೆಲ್ಟಿಗೂ ಹಾರ್ನೆಸ್‌ಗೂ ಎರಡಕ್ಕೂ ಸಿಕ್ಕಿಸುವ, ಎರಡು ಹುಕ್ಕಿನ ಲೀಶ್ ಹಾಕಿಸಿ. ಒಂದು ಕಳಚಿದರೂ ಇನ್ನೊಂದು ಉಳಿಯುತ್ತದೆ.

ಪದವಿನಂಚು, ಬದಿಯಡ್ಕ
ತುಂಬಾ ಉಪಕಾರ. ಎರಡನೇ ವಾರ ನಾಯಿ ತಂದ ಮೇಲೆ ಎಂತ ಮಾಡಿಸುವುದು? ನೇರ ರಸ್ತೆಗೆ ಹೋಗುವುದಾ?

ಮಧೂರು ಹೊಳೆಬದಿ
ರಸ್ತೆಗೆ ಬೇಡವೇ ಬೇಡ. ಮೊದಲು ಅವರವರ ಅಂಗಳ, ಆಮೇಲೆ ಮೈದಾನ.

ಗೇಟಿನಿಂದಲೇ ಶುರು. ಲೀಶ್ ತೆಗೆದ ಕೂಡಲೇ ಕುಣಿಯುವ ನಾಯಿಗೆ ಹುಕ್ಕು ಹಾಕಬಾರದು. ಲೀಶನ್ನು ಮತ್ತೆ ಮೊಳೆಗೆ ನೇತು ಹಾಕಿ, ನಾಲ್ಕೂ ಕಾಲು ನೆಲಕ್ಕೆ ಬಂದ ಮೇಲೆ ತೆಗೆಯಿರಿ. ಗೇಟು ಅರ್ಧ ತೆರೆಯಿರಿ, ನುಗ್ಗಿದರೆ ಮುಚ್ಚಿ. ಬಾಯಿಂದ ಒಂದು ಮಾತೂ ಬೇಡ. ಎಂಟು-ಹತ್ತು ಸಲ ಆದ ಮೇಲೆ ಅದೇ ನಿಂತು ನಿಮ್ಮ ಮುಖ ನೋಡುತ್ತದೆ, ಆಗ ಹೊರಡುವುದು. ಗಡಿಬಿಡಿಯಲ್ಲಿ ಹೊರಟರೆ ಆ ಗಡಿಬಿಡಿ ಅರ್ಧ ದಾರಿಯವರೆಗೂ ಇಳಿಯುದಿಲ್ಲ.

ನಡೆಯುವಾಗ ಮೊದಲ ಹೆಜ್ಜೆಗೇ ತಿನಿಸು, ಎಡ ತೊಡೆಯ ಹೊಲಿಗೆಯ ಹತ್ತಿರ. ಮತ್ತೆ ಎರಡು ಹೆಜ್ಜೆಗೆ, ಐದಕ್ಕೆ, ಹತ್ತಕ್ಕೆ. ನಡುವೆ ಒಮ್ಮೆ ಬೇಕೆಂದೇ ಎರಡಕ್ಕೆ ಇಳಿಸಿ. ಬರೀ ಹೆಚ್ಚಿಸುತ್ತಾ ಹೋದರೆ ನಾಯಿಗೆ ಬೇಸರ ಬರುತ್ತದೆ. ತಿನಿಸು ಬಟಾಣಿಯಷ್ಟು ಸಣ್ಣ ಸಾಕು, ಉಪ್ಪು-ಮೆಣಸು ಹಾಕದೆ ಬೇಯಿಸಿದ ಕೋಳಿ ಆದೀತು. ದಿನದ ಊಟದ ಹತ್ತರಲ್ಲಿ ಒಂದು ಪಾಲು ಮೀರಬಾರದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕ್ಲೇಟು ಖಂಡಿತ ಬೇಡ, ಅವು ನಾಯಿಗೆ ವಿಷ.

ಲೀಶ್ ಬಿಗಿಯಾದ ಕೂಡಲೇ ನಿಂತುಬಿಡಿ, ಹಿಂದೆ ಎಳೆಯಬೇಡಿ. ನಾಯಿ ತಿರುಗಿ ನೋಡಿ ಹುಕ್ಕು ಕೆಳಗೆ ಇಳಿದ ಮೇಲೆ ಹೊರಡಿ. ಪದೇ ಪದೇ ಎಳೆಯುವುದಾದರೆ ಸಂತೋಷದ ದನಿಯಲ್ಲಿ ಕರೆದು ಬಂದ ದಾರಿಗೇ ತಿರುಗಿ. ಜನ ಸೋಲುವುದು ಇಲ್ಲಿಯೇ: ಮನೆಯ ಒಬ್ಬರು ನಿಲ್ಲುತ್ತಾರೆ, ಇನ್ನೊಬ್ಬರು ಎಳೆದಲ್ಲಿಗೆ ಹೋಗುತ್ತಾರೆ. ಅಪರೂಪಕ್ಕೊಮ್ಮೆ ಫಲ ಕೊಡುವ ಅಭ್ಯಾಸ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ.

ಮೂಸಲಿಕ್ಕೂ ಸಮಯ ಕೊಡಿ. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಪದವಿನಲ್ಲೋ (ಗುಡ್ಡದ ಮೇಲಿನ ಬಯಲು) ಗದ್ದೆ ಬದಿಯಲ್ಲೋ ಐದು ಮೀಟರ್ ಹಗ್ಗದಲ್ಲಿ ಬಿಟ್ಟರೆ ಉಳಿದ ಇಪ್ಪತ್ತು ನಿಮಿಷ ತಾನಾಗಿ ಶಾಂತ ಆಗುತ್ತದೆ. ಉದ್ದ ಹಗ್ಗವನ್ನು ಹಾರ್ನೆಸ್‌ನ ಬೆನ್ನಿನ ರಿಂಗಿಗೇ ಸಿಕ್ಕಿಸಬೇಕು, ಕುತ್ತಿಗೆಗೆ ಸಲ್ಲದು.

ಪೆರ್ಲ ಪೇಟೆ
ಮನೆಯಲ್ಲಿ ಅಜ್ಜಿ ತುಳುವಿನಲ್ಲಿ "ಕುಲ್ಲು" (ಕುಳಿತುಕೋ) ಅಂತಾರೆ, ಮಕ್ಕಳು ಶಾಲೆಯ ಮಲಯಾಳದಲ್ಲಿ ಹೇಳ್ತಾರೆ, ಅಪ್ಪ ಇಂಗ್ಲಿಷಿನಲ್ಲಿ. ನಾಯಿಗೆ ಯಾವುದು ಹೇಳುದು?

ಮಧೂರು ಹೊಳೆಬದಿ
ಯಾವುದಾದರೂ ಆಗಬಹುದು, ಎಲ್ಲರೂ ಅದೊಂದನ್ನೇ ಹೇಳಬೇಕು. ಒಂದು ಚೀಟಿಯಲ್ಲಿ ನಾಲ್ಕೇ ಮಾತು ಬರೆದು ಗೇಟಿನ ಹತ್ತಿರ ಅಂಟಿಸಿ: ಕುಳಿತುಕೊಳ್ಳಲಿಕ್ಕೆ, ನಿಲ್ಲಲಿಕ್ಕೆ, ತಿರುಗಲಿಕ್ಕೆ, ಮೂಸಲಿಕ್ಕೆ ಬಿಡುವುದಕ್ಕೆ. ಒಮ್ಮೆ ಹೇಳಿ ಸುಮ್ಮನಿರಬೇಕು.

ನೀರ್ಚಾಲು ಹಿತ್ತಿಲು
ಇದೆಲ್ಲ ಸರಿ, ನಿಜವಾದ ಕಷ್ಟ ಬೀದಿ ನಾಯಿಗಳದ್ದು. ಮೀನು ಮಾರ್ಕೆಟಿನ ಬದಿಯಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ ಐದಾರು ಒಟ್ಟಿಗೆ ಬರುತ್ತವೆ. ಅದರ ಹೆದರಿಕೆಗೇ ಎಷ್ಟೋ ಹೆಂಗಸರು ನಾಯಿಯನ್ನು ಗೇಟಿನ ಹೊರಗೆ ತರುದಿಲ್ಲ. ಅದಕ್ಕೆ ಎಂತ ಹೇಳಿಕೊಡ್ತೀರಿ?

ಅಡೂರು ಕಾಡಂಚು
ಅಕ್ಕ, ಮುಖ್ಯವಾದ ಪ್ರಶ್ನೆ ಇದು. ದೂರದಿಂದಲೇ ಕಂಡುಹಿಡಿಯುವುದು ಮೊದಲ ಪಾಠ. ಮೊಬೈಲ್ ಜೇಬಿನಲ್ಲಿರಲಿ, ಕಣ್ಣು ಐವತ್ತು ಹೆಜ್ಜೆ ಮುಂದೆ ಇರಲಿ. ಪ್ರತಿ ಗುಂಪಿಗೂ ಅದರದ್ದೇ ಜಾಗ ಉಂಟು, ನೀವು ಆ ಗಡಿಯಿಂದ ಹೊರಗೆ ಬಂದ ಮೇಲೆ ಹೆಚ್ಚಾಗಿ ಬೊಗಳುತ್ತವೆಯೇ ಹೊರತು ಬೆನ್ನು ಹತ್ತುದಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಅಂತ ಒಂದು ವಾರ ನಾಯಿ ಇಲ್ಲದೆ ನಡೆದು ನೋಡಿ ದಾರಿ ಆಯ್ಕೆ ಮಾಡಬೇಕು.

ಎದುರಾದರೆ ನೇರ ಮುಖಾಮುಖಿ ಹೋಗಬಾರದು, ರಸ್ತೆಯ ಆಚೆ ಬದಿಗೆ ಬಳಸಿ ಹೋಗುವುದು. ಬಿಲ್ಲಿನ ಹಾಗೆ ಬಾಗಿ ಹೋಗುವುದನ್ನು ನಾಯಿಗಳು ಮರ್ಯಾದೆ ಅಂತ ತಿಳಿಯುತ್ತವೆ. ಲೀಶ್ ಗಿಡ್ಡ ಮಾಡಬಹುದು, ಬಿಗಿ ಮಾಡಬಾರದು. ಬಿಗಿ ಮಾಡಿದರೆ ನಿಮ್ಮ ನಾಯಿಯ ಎದೆ ಮೇಲೇಳುತ್ತದೆ, ತಲೆ ಎತ್ತಿ ನಿಲ್ಲುತ್ತದೆ, ಆಚೆಯವಕ್ಕೆ ಅದು ಜಗಳಕ್ಕೆ ಬಂದಂತೆ ಕಾಣುತ್ತದೆ.

ಹತ್ತಿರ ಬಂದೇ ಬಿಟ್ಟರೆ ಓಡಬಾರದು. ನಿಮ್ಮ ನಾಯಿಯನ್ನು ಹಿಂದೆ ಮಾಡಿ, ನೀವು ನಡುವೆ ನಿಂತು, ಒಂದು ಮುಷ್ಟಿ ಬಿಸ್ಕತ್ತಿನ ಹುಡಿ ಬೀದಿ ನಾಯಿಗಳ ಮುಖದ ಎದುರಿಗೆ ನೆಲದ ಮೇಲೆ ಚೆಲ್ಲಿ. ಮೂತಿ ನೆಲಕ್ಕೆ ಹೋದ ಹತ್ತು ಸೆಕೆಂಡಿನಲ್ಲಿ ನೀವು ಜಾಗ ಬಿಡಬೇಕು. ಬಗ್ಗದಿದ್ದರೆ ಮಡಚಿದ ಕೊಡೆಯನ್ನು ಅವುಗಳ ಕಡೆಗೆ ಪಟ್ ಅಂತ ಬಿಡಿಸಿ. ಕೊಡೆ ಬಿಡಿಸುವ ಸದ್ದಿಗೆ ನಿಮ್ಮ ನಾಯಿ ಹೆದರದ ಹಾಗೆ ಮೊದಲೇ ಅಂಗಳದಲ್ಲಿ ಅಭ್ಯಾಸ ಮಾಡಿಸಬೇಕು, ಇಲ್ಲದಿದ್ದರೆ ಅದೇ ಮೊದಲು ಓಡುತ್ತದೆ. ಕಲ್ಲು ಹೊಡೆಯಬೇಡಿ. ಮರುದಿನ ಅದೇ ಗುಂಪು ನಿಮ್ಮನ್ನು ಗುರುತು ಹಿಡಿದು ಬರುತ್ತದೆ.

ಹೊಸಂಗಡಿ ಕ್ಲಿನಿಕ್
ಜಗಳವೇ ಆಗಿಬಿಟ್ಟರೆ ನಡುವೆ ಕೈ ಹಾಕಬೇಡಿ. ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಬಿಡಿಸಲಿಕ್ಕೆ ಹೋದವರು. ಕಚ್ಚಿದರೆ, ಉಗುರು ತಾಗಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ಗಡಿಯಾರ ನೋಡಿ. ಅರಸಿನ, ಸುಣ್ಣ, ಮೆಣಸು ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು. ರಕ್ತ ಬಂದಿದ್ದರೆ ಗಾಯಕ್ಕೆ ಚುಚ್ಚುವ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಮದ್ದಿಲ್ಲ.

ತರಗತಿಗೆ ಬರುವ ಪ್ರತಿ ನಾಯಿಯ ಲಸಿಕೆ ಪುಸ್ತಕ ನೋಡಿಯೇ ಒಳಗೆ ಬಿಡಿ. ಕೇರಳದಲ್ಲಿ ನಾಯಿ ಸಾಕಲಿಕ್ಕೆ ಪಂಚಾಯತ್ ಲೈಸೆನ್ಸ್ ಬೇಕು, ಅದರ ನಿಯಮ 1998ರಿಂದ ಉಂಟು. ಮತ್ತೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಸಾಕುಪ್ರಾಣಿಯ ಬಗ್ಗೆ ಅಜಾಗ್ರತೆ ತೋರಿಸಿ ಜನರಿಗೆ ಅಪಾಯ ಆದರೆ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಅಥವಾ ಎರಡೂ.

ಪೆರ್ಲ ಪೇಟೆ
ಕೊಡೆ ಅಂದಾಗ ನೆನಪಾಯಿತು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ನಾಯಿ, ಆಗುವ ವಿಷಯವಾ?

ಉಪ್ಪಳ ಕೊಕ್ಕೆ
ಆಗುದಿಲ್ಲ. ರೈನ್‌ಕೋಟು ಹಾಕಿ, ಎರಡೂ ಕೈ ಬಿಡುವಾಗಿರಲಿ. ಕೊಡೆ ಮಡಚಿ ಸೊಂಟಕ್ಕೆ. ಹವಾಯಿ ಚಪ್ಪಲಿ ಬೇಡ, ಜೂನ್ ಕಳೆದರೆ ಕೆಂಪುಕಲ್ಲಿನ ಮೆಟ್ಟಿಲು, ಅಂಗಳ ಎಲ್ಲ ಪಾಚಿ ಕಟ್ಟಿ ಜಾರುತ್ತದೆ, ಗೇಟಿನಿಂದ ನಾಯಿ ಹೊರಡುವ ಮೊದಲ ಎಳೆತಕ್ಕೇ ಬೀಳುವುದು. ಹತ್ತಿಯ ಹಗ್ಗ ನೀರು ಕುಡಿದು ಬೂಸ್ಟು ಹಿಡಿಯುತ್ತದೆ. ನೈಲಾನ್ ಒದ್ದೆಯಾದರೆ ಮುಷ್ಟಿಯಲ್ಲಿ ನಿಲ್ಲುದಿಲ್ಲ. ಪ್ಲಾಸ್ಟಿಕ್ ಲೇಪದ ಪಟ್ಟಿ ಒಳ್ಳೆಯದು, ಒರೆಸಿದರೆ ಮುಗಿಯಿತು.

ಹೊಸಂಗಡಿ ಕ್ಲಿನಿಕ್
ನಿಂತ ನೀರಿನಲ್ಲಿ ಇಳಿಸಬೇಡಿ, ಕುಡಿಯಲಿಕ್ಕೂ ಬಿಡಬೇಡಿ. ಇಲಿ ಜ್ವರ ನಾಯಿಗೂ ಬರುತ್ತದೆ, ಅದಕ್ಕೆ ಲಸಿಕೆ ಉಂಟು. ತೋಟದಿಂದ ಬಂದ ಮೇಲೆ ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಹಾರ್ನೆಸ್ ಪಟ್ಟಿಯ ಅಡಿಯಲ್ಲಿ ಉಣ್ಣಿ ನೋಡಿ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಅಂಗೈಯ ಹಿಂಬದಿ ಏಳು ಸೆಕೆಂಡು ಇಡಲಿಕ್ಕೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗುದಿಲ್ಲ. ಪಗ್‌ಗೆ ಮಾರ್ಚ್‌ನಿಂದ ಮೇವರೆಗೆ ಬಿಸಿಲೇರುವ ಮೊದಲು ಮಾತ್ರ ನಡಿಗೆ.

ಪದವಿನಂಚು, ಬದಿಯಡ್ಕ
ಇನ್ನೊಂದು ಸಂಶಯ. ಎರಡು ಶೆಫರ್ಡ್‌ಗಳೂ ಸ್ಕೂಟರ್ ಕಂಡರೆ ಹಾರುತ್ತವೆ. ಹನ್ನೆರಡು ನಾಯಿಗಳ ನಡುವೆ ಅವನ್ನು ಹೇಗೆ ನಿಭಾಯಿಸುವುದು?

ಮಧೂರು ಹೊಳೆಬದಿ
ಹನ್ನೆರಡು ಒಟ್ಟಿಗೆ ಬೇಡ. ಒಂದು ಸರದಿಗೆ ನಾಲ್ಕು, ಅರ್ಧ ಗಂಟೆ. ಸುಣ್ಣದ ಹುಡಿಯಲ್ಲಿ ಐದೈದು ಮೀಟರಿಗೆ ಗೆರೆ ಹಾಕಿ, ಪ್ರತಿ ನಾಯಿಗೂ ಅದರದ್ದೇ ಜಾಗ. ಲೀಶ್ ಹಾಕಿದ ನಾಯಿಗಳನ್ನು ಮೂಗಿಗೆ ಮೂಗು ಮುಟ್ಟಿಸಿ ಪರಿಚಯ ಮಾಡಿಸಲಿಕ್ಕೆ ಇಲ್ಲ.

ಶೆಫರ್ಡ್‌ಗಳನ್ನು ಕೊನೆಗೆ, ಒಂದೊಂದೇ. ಸ್ಕೂಟರ್ ಕಂಡರೂ ತಿನಿಸು ತಿನ್ನುವಷ್ಟು ದೂರದಲ್ಲಿ ನಿಲ್ಲಿಸಿ, ಮೊದಲು ಮೂವತ್ತು-ನಲ್ವತ್ತು ಮೀಟರ್ ಬೇಕಾದೀತು. ತಿನ್ನದಿದ್ದರೆ ದೂರ ಸಾಲದು, ಇನ್ನೂ ಹಿಂದೆ ಹೋಗಿ. ಸ್ಕೂಟರ್ ಕಂಡ ಕೂಡಲೇ ತಿನಿಸು ಶುರು, ಮರೆಯಾದ ಕೂಡಲೇ ನಿಲ್ಲಿಸುವುದು. ಕ್ರಮ ತಿರುಗಬಾರದು: ತಿನಿಸು ಮೊದಲು ಬಂದು ಸ್ಕೂಟರ್ ಆಮೇಲೆ ಬಂದರೆ ನಾಯಿ ತಿನಿಸಿನ ಚೀಲಕ್ಕೇ ಸಂಶಯ ಪಡುತ್ತದೆ. ಮೊದಲು ನಿಂತ ಸ್ಕೂಟರ್, ಆಮೇಲೆ ತಳ್ಳಿಕೊಂಡು ಹೋಗುವ ಸ್ಕೂಟರ್, ಮತ್ತೆ ನಿಧಾನಕ್ಕೆ ಓಡಿಸುವುದು. ಶಾಂತವಾಗಿ ನೋಡಿ ತಾನೇ ನಿಮ್ಮ ಕಡೆ ತಿರುಗಿದರೆ ಮಾತ್ರ ಎರಡು ಹೆಜ್ಜೆ ಹತ್ತಿರ.

ಮುಳ್ಳೇರಿಯ ಗುಡ್ಡೆ
ಸ್ಕೂಟರ್ ನಾನು ತರ್ತೇನೆ. ಬೆಳಗ್ಗೆ ಎಷ್ಟು ಗಂಟೆಗೆ?

ಪದವಿನಂಚು, ಬದಿಯಡ್ಕ
ಲ್ಯಾಬ್‌ಗಳು ಎರಡನೇ ಭಾನುವಾರ ಆರೂವರೆಗೆ, ಪಗ್ ಮತ್ತು ಊರ ನಾಯಿಗಳು ಏಳರಿಂದ ಎರಡು ಸರದಿ, ಶೆಫರ್ಡ್‌ಗಳು ಎಂಟಕ್ಕೆ. ಅಣ್ಣ, ನೀವು ಎಂಟಕ್ಕೆ ಐದು ನಿಮಿಷ ಇರುವಾಗ ಬಂದು ಸ್ಕೂಟರನ್ನು ಮೈದಾನದ ಆಚೆ ತುದಿಯಲ್ಲಿ, ಇಂಜಿನ್ ನಿಲ್ಲಿಸಿ ಇಡಿ.